ಬೀದಿಯ ವೈಫೈ ನಕ್ಷೆ: ವಿಗಲ್ ಆ್ಯಪ್ ಬಳಸುವ ಬಗೆ

ವೈಫೈ ರೂಟರ್ ಸುಮ್ಮನೆ ಕೂರುವುದಿಲ್ಲ. ತನ್ನ ಹೆಸರು, ಚಾನೆಲ್, ಭದ್ರತೆಯ ಬಗೆಯನ್ನು ಸೆಕೆಂಡಿಗೆ ಸುಮಾರು ಹತ್ತು ಸಲ ಸಾರುತ್ತಲೇ ಇರುತ್ತದೆ. ‘ವಿಗಲ್ ವೈಫೈ ವಾರ್‌ಡ್ರೈವಿಂಗ್’ ಆ್ಯಪ್ (ವಾರ್‌ಡ್ರೈವಿಂಗ್ ಎಂದರೆ ಓಡಾಡುತ್ತ ಸುತ್ತಲಿನ ವೈಫೈ ದಾಖಲಿಸುವುದು) ಅದನ್ನು ಕೇಳಿಸಿಕೊಂಡು, ಜಿಪಿಎಸ್ ತೋರಿಸಿದ ಜಾಗದ ಜೊತೆ ಬರೆದಿಡುತ್ತದೆ. ಯಾವ ನೆಟ್‌ವರ್ಕಿಗೂ ಕನೆಕ್ಟ್ ಆಗಬೇಕಿಲ್ಲ. ಕೇಳದೆ ಇನ್ನೊಬ್ಬರ ವೈಫೈಗೆ ನುಗ್ಗುವುದು ಬೇರೆಯೇ ಮಾತು, ಅದಕ್ಕೆ ಐಟಿ ಕಾಯ್ದೆಯಿದೆ.

ಇದಕ್ಕೆ ಆಂಡ್ರಾಯ್ಡ್ ಫೋನೇ ಬೇಕು. ಐಫೋನು ಸುತ್ತಲಿನ ವೈಫೈ ಪಟ್ಟಿಯನ್ನು ಇಂಥ ಆ್ಯಪ್‌ಗಳಿಗೆ ಕೊಡುವುದಿಲ್ಲ.

ಆ್ಯಪ್ ಹಾಕಿಕೊಂಡ ಮೇಲೆ ಲೊಕೇಶನ್ ಆನ್ ಮಾಡಿ, ‘ನಿಖರ ಸ್ಥಳ’ದ ಅನುಮತಿ ಕೊಡಿ. ಇದಿಲ್ಲದಿದ್ದರೆ ಪಟ್ಟಿ ಖಾಲಿಯಾಗಿಯೇ ಉಳಿಯುತ್ತದೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ್ಯಪ್‌ಗೆ ನಿರ್ಬಂಧ ತೆಗೆಯಿರಿ. ಇಲ್ಲವಾದರೆ ಫೋನನ್ನು ಜೇಬಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಕೆಲಸ ನಿಂತಿರುತ್ತದೆ, ಮನೆಗೆ ಬಂದ ಮೇಲೇ ಗೊತ್ತಾಗುವುದು.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಆಂಡ್ರಾಯ್ಡ್ 9ರಿಂದೀಚೆಗೆ, ತೆರೆಯ ಮೇಲಿರುವ ಆ್ಯಪ್ ಕೂಡ 2 ನಿಮಿಷಕ್ಕೆ 4 ಸಲ ಮಾತ್ರ ಸ್ಕ್ಯಾನ್ (ಸುತ್ತಲಿನ ವೈಫೈ ಹುಡುಕಾಟ) ಮಾಡಿಸಬಹುದು. ಎಂದರೆ 30 ಸೆಕೆಂಡಿಗೊಮ್ಮೆ. ಸ್ಕೂಟರಿನಲ್ಲಿ 40 ಕಿ.ಮೀ. ವೇಗದಲ್ಲಿ ಹೋದರೆ ಎರಡು ಸ್ಕ್ಯಾನ್‌ಗಳ ನಡುವೆ 330 ಮೀಟರ್ ಕಳೆದಿರುತ್ತದೆ, ಅಷ್ಟರಲ್ಲಿ ಇಡೀ ಅಡ್ಡರಸ್ತೆಯೇ ಬಿಟ್ಟುಹೋಗಬಹುದು. ನಡೆದೇ ಹೋದರೂ 40 ಮೀಟರ್. ಆಂಡ್ರಾಯ್ಡ್ 10 ಮತ್ತು ನಂತರದ ಫೋನುಗಳಲ್ಲಿ ಇದಕ್ಕೆ ಮದ್ದುಂಟು: ‘ಅಬೌಟ್ ಫೋನ್’ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ, ಡೆವಲಪರ್ ಆಪ್ಷನ್ಸ್ ತೆರೆದು, ‘ವೈಫೈ ಸ್ಕ್ಯಾನ್ ಥ್ರಾಟ್ಲಿಂಗ್’ ಆಫ್ ಮಾಡಿ. ಈಗ ಸ್ಕ್ಯಾನ್ ಕೆಲವೇ ಸೆಕೆಂಡಿಗೊಮ್ಮೆ ನಡೆಯುತ್ತದೆ. ಚಾರ್ಜ್ ಬೇಗ ಇಳಿಯುತ್ತದೆ, ಪವರ್ ಬ್ಯಾಂಕ್ ಜೊತೆಗಿರಲಿ.

ಹೊರಡುವ ಮುನ್ನ ಬಯಲಲ್ಲಿ ಒಂದೆರಡು ನಿಮಿಷ ನಿಂತು ಜಿಪಿಎಸ್ ಹಿಡಿಯಲು ಬಿಡಿ. ಚಿಕ್ಕಪೇಟೆಯಂಥ ಇಕ್ಕಟ್ಟು ಗಲ್ಲಿಗಳಲ್ಲಿ ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುವುದರಿಂದ ನಿಮ್ಮ ಚುಕ್ಕೆ ಪಕ್ಕದ ಬೀದಿಗೆ ಜಿಗಿಯುವುದುಂಟು. ಸಾಧ್ಯವಿದ್ದರೆ ಒಂದೇ ರಸ್ತೆಯನ್ನು ಎರಡು ದಿಕ್ಕಿನಲ್ಲೂ ನಡೆಯಿರಿ. ನಕ್ಷೆಯಲ್ಲಿ ಕಾಣುವುದು ರೂಟರ್ ಇರುವ ಜಾಗವಲ್ಲ, ಅದು ಕೇಳಿಸಿದಾಗ ನೀವು ನಿಂತಿದ್ದ ಜಾಗ. ಹಲವು ಕಡೆಯಿಂದ ಕೇಳಿಸಿಕೊಂಡಷ್ಟೂ ಅಂದಾಜು ಸುಧಾರಿಸುತ್ತದೆ. ಸಿಗ್ನಲ್ ಬಲದ ಅಂಕಿ ಋಣಾತ್ಮಕವಾಗಿರುತ್ತದೆ: ಮೈನಸ್ 40 ಡಿಬಿಎಂ ಎಂದರೆ ರೂಟರ್ ಹತ್ತಿರವೇ ಇದೆ, ಮೈನಸ್ 85 ಎಂದರೆ ಹೆಸರಷ್ಟೇ ಕೇಳಿಸುತ್ತದೆ, ಬಳಕೆಗೆ ಬಾರದು.

ಮುಗಿದ ಮೇಲೆ ಗೂಗಲ್ ಅರ್ಥ್‌ನಲ್ಲಿ ನೋಡಿದರೆ ಸಾಕೆನ್ನುವವರು ಆ್ಯಪ್‌ನಿಂದ ಕೆಎಂಎಲ್ ಎಂಬ ನಕ್ಷೆಯ ಕಡತವನ್ನು ಎಕ್ಸ್‌ಪೋರ್ಟ್ ಮಾಡಿ. ಲೆಕ್ಕ ಹಾಕುವವರಿಗೆ ಸಾಲು-ಕಾಲಂಗಳಿರುವ ಸಿಎಸ್‌ವಿ ಕಡತವೇ ಸರಿ. ಅದನ್ನು ನಕ್ಷೆ ತಯಾರಿಸುವ ತಂತ್ರಾಂಶ ಕ್ಯೂಜಿಐಎಸ್‌ಗೆ ಸೇರಿಸುವಾಗ ಮೊದಲ 1 ಸಾಲನ್ನು ಬಿಡುವಂತೆ ಹೇಳಿ, ಅದರಲ್ಲಿರುವುದು ಆ್ಯಪ್ ಮತ್ತು ಫೋನಿನ ವಿವರ. ಕಾಲಂಗಳ ಹೆಸರು ಎರಡನೇ ಸಾಲಿನಲ್ಲಿದೆ. ಎಕ್ಸ್‌ಗೆ ರೇಖಾಂಶ, ವೈಗೆ ಅಕ್ಷಾಂಶ. ಅದಲುಬದಲಾದರೆ ಬೆಂಗಳೂರು ಆರ್ಕ್‌ಟಿಕ್ ಸಾಗರದಲ್ಲಿ ಕಾಣಿಸುತ್ತದೆ! ಟೈಪ್ ಕಾಲಂನಲ್ಲಿ ವೈಫೈ ಮಾತ್ರ ಉಳಿಸಿ (ಬ್ಲೂಟೂತ್, ಮೊಬೈಲ್ ಟವರ್ ಸಾಲುಗಳೂ ಸೇರಿರಬಹುದು), ನಿಖರತೆಯ ಕಾಲಂನಲ್ಲಿ 30 ಮೀಟರ್ ಮೀರಿದ ಸಾಲುಗಳನ್ನು ಅಳಿಸಿ.

ಎಣಿಸುವಾಗ ಎಚ್ಚರ. 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಸಾರುವ ಒಂದೇ ರೂಟರ್ ಪಟ್ಟಿಯಲ್ಲಿ ಎರಡಾಗಿ ಕಾಣುತ್ತದೆ, ಅತಿಥಿ ನೆಟ್‌ವರ್ಕ್ ಇದ್ದರೆ ಇನ್ನೂ ಹೆಚ್ಚು. ಒಂದೇ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಮೂರು ಕಿಲೋಮೀಟರ್ ಉದ್ದಕ್ಕೂ ಕಂಡರೆ ಅದು ಜೊತೆಗೇ ಸಾಗಿದ ಯಾರದೋ ಫೋನಿನ ಹಾಟ್‌ಸ್ಪಾಟ್, ಅಳಿಸಿಬಿಡಿ.

ಎಲ್ಲರ ದಾಖಲೆಗಳನ್ನು ಒಟ್ಟುಗೂಡಿಸುವ ವಿಗಲ್ ತಾಣಕ್ಕೆ ಅಪ್‌ಲೋಡ್ ಮಾಡಲೇಬೇಕೆಂದಿಲ್ಲ. ಮಾಡುವುದಾದರೆ, ಮನೆ ಎಲ್ಲಿದೆಯೆಂದು ಗೊತ್ತಾಗದಿರಲು, ನಿಮ್ಮ ಮನೆಯಿಂದಲೇ ದಾಖಲೆ ಶುರುಮಾಡಬೇಡಿ, ಎರಡು ಬೀದಿ ದಾಟಿ ಆನ್ ಮಾಡಿ.