ಮಳೆಗೂ ಕೊಯ್ಲಿಗೂ ಮೊದಲೇ ಪಾಳಿ ಹಂಚಿಕೊಳ್ಳಿ: ಹಿರಿಯರ ಆರೈಕೆ ಮಾಡುವವರ ಬಿಡುವಿನ ಏರ್ಪಾಡು

ಕೊಡಗಿನಲ್ಲಿ ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವ ಮನೆಗಳು ವರ್ಷದಲ್ಲಿ ಎರಡು ಸಲ ಕೈಸೋಲುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಕರೆಂಟು ದಿನಗಟ್ಟಲೆ ಬರುವುದಿಲ್ಲ, ನೆಂಟರೂ ಬರುವುದಿಲ್ಲ. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ನವೆಂಬರ್‌ನ ಅರೇಬಿಕಾದಿಂದ ಹಿಡಿದು ಫೆಬ್ರವರಿ, ಮಾರ್ಚ್‌ವರೆಗಿನ ರೋಬಸ್ಟಾದ ತನಕ ಕಾಫಿ ಕೊಯ್ಲು ಇರುತ್ತದೆ. ಆಗ ಮನೆಯವರೆಲ್ಲ ತೋಟ ಮತ್ತು ಕಣದ ನಡುವೆ ಓಡಾಡುತ್ತಾರೆ. ಆದ್ದರಿಂದ ಬಿಡುವಿನ ಮಾತನ್ನು ಮೇ ತಿಂಗಳಲ್ಲಿ ಒಮ್ಮೆ, ಸುಗ್ಗಿಹಬ್ಬವಾದ ಹುತ್ತರಿಗೆ ಎಲ್ಲರೂ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಸೇರಿದಾಗ ಇನ್ನೊಮ್ಮೆ ಎತ್ತಬೇಕು. ಪೂರ್ತಿ ಬಳಲಿದ ಮೇಲೆ ಕೇಳಿದ ಬಿಡುವು ದೂರಿನ ದನಿಯಲ್ಲಿ ಹೊರಬರುತ್ತದೆ, ಕೇಳಿದವರೂ ಅದನ್ನು ದೂರೆಂದೇ ತೆಗೆದುಕೊಳ್ಳುತ್ತಾರೆ.

ಆ ಮಾತಿಗೆ ಕೂರುವ ಮೊದಲು ಒಂದು ವಾರದ ಲೆಕ್ಕ ಬರೆದಿಡಿ. ಮರೆವಿನ ಕಾಯಿಲೆಯ ಅಮ್ಮನನ್ನು ನೋಡಿಕೊಳ್ಳುತ್ತಿರುವ ನಮ್ಮ ಮನೆಯಲ್ಲಿ, ಕಾಫಿ ತೂಕದ ಹಳೆಯ ಪುಸ್ತಕವೊಂದನ್ನು ಅಡುಗೆಮನೆಯ ಮೊಳೆಗೆ ದಾರದಲ್ಲಿ ನೇತುಹಾಕಿ, ರಾತ್ರಿ ಎಷ್ಟು ಗಂಟೆಗೆ ಎದ್ದೆವು, ಏಕೆ ಎದ್ದೆವು ಎಂದು ಗೀಚತೊಡಗಿದೆವು. ನಾಲ್ಕನೆಯ ದಿನಕ್ಕೇ ಹನ್ನೆರಡರಿಂದ ಮೂರರೊಳಗೆ ಎರಡು ಸಲ ಬಚ್ಚಲಿಗೆ ಹೋಗುವುದು ತಪ್ಪದೆ ಕಂಡಿತು. ಕಾರಣ, ಸಂಜೆ ಆರೂವರೆಗೆ ನಾನೇ ದೊಡ್ಡ ಲೋಟದಲ್ಲಿ ಕೊಡುತ್ತಿದ್ದ ಬೆಲ್ಲದ ಕಾಫಿ! ಅದನ್ನು ಮೂರೂವರೆಗೆ ತಂದೆವು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಬೆಳಿಗ್ಗೆಗೆ ಬದಲಿಸಿದೆವು. ರಾತ್ರಿಯ ಎರಡು ಏಳುವಿಕೆ ಒಂದಕ್ಕೆ ಇಳಿಯಿತು. ಆದರೆ ಒಟ್ಟು ನೀರನ್ನೇ ಕಡಿಮೆ ಮಾಡಬೇಡಿ. ಸಂಜೆಗೆ ಮೊದಲು ಹೆಚ್ಚು ಕುಡಿಸಿದರೆ ಸಾಕು. ಮನೆಯಲ್ಲಿ ಉಳಿದಿರುವ ನಿದ್ರೆ ಮಾತ್ರೆಯನ್ನು ಕೊಟ್ಟು ಮಲಗಿಸುವ ಯೋಚನೆಯೂ ಬೇಡ. ಅದರ ಮಂಪರಿನಲ್ಲಿ ಎದ್ದು ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು.

ಚೆನ್ನಾಗಿದ್ದವರು ಒಂದೆರಡು ದಿನಗಳಲ್ಲೇ ಇದ್ದಕ್ಕಿದ್ದಂತೆ ಗಲಿಬಿಲಿಗೊಂಡು ರಾತ್ರಿಯೆಲ್ಲ ಮಾತನಾಡತೊಡಗಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬಾರದು. ಮೂತ್ರದ ಸೋಂಕು, ಮಲಬದ್ಧತೆ, ನಿರ್ಜಲತೆ, ಹೊಸದಾಗಿ ಶುರುವಾದ ಮಾತ್ರೆ, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಕೂಡಲೇ ವೈದ್ಯರಿಗೆ ತೋರಿಸಿ.

ಇನ್ನು ಪಾಳಿಯ ವಿಷಯ. ಹಗಲಿನ ಕೆಲಸ ಹಂಚಿಕೊಳ್ಳಲು ಎಲ್ಲರೂ ಒಪ್ಪುತ್ತಾರೆ. ನಿಜವಾಗಿ ಹಂಚಬೇಕಾದದ್ದು ರಾತ್ರಿಯನ್ನು. ವಾರಕ್ಕೆ ಎರಡು ರಾತ್ರಿಯಾದರೂ ಮುಖ್ಯ ಹೊಣೆ ಹೊತ್ತವರು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗುವಂತೆ ಹೆಸರು ಬರೆದು ನಿಗದಿ ಮಾಡಿ. ಬೆಂಗಳೂರಿನಲ್ಲಿರುವ ಅಣ್ಣತಮ್ಮಂದಿರಿಗೆ ಶನಿವಾರ, ಭಾನುವಾರ ಬಂದು ಹೋಗು ಎನ್ನುವುದರಲ್ಲಿ ಹೆಚ್ಚು ಅರ್ಥವಿಲ್ಲ. ಜಿಲ್ಲೆಗೆ ರೈಲಿಲ್ಲ, ಮಡಿಕೇರಿಗೇ ಇನ್ನೂರೈವತ್ತು ಕಿಲೋಮೀಟರಿನ ರಸ್ತೆ; ಬಂದವರಿಗೆ ಬಡಿಸುವುದೇ ನಿಮಗೆ ಇನ್ನೊಂದು ಕೆಲಸವಾಗುತ್ತದೆ. ಅದಕ್ಕಿಂತ ವರ್ಷಕ್ಕೆ ಎರಡು ಸಲ, ಒಟ್ಟಿಗೆ ಐದಾರು ದಿನ ಬಂದು ಮನೆಯನ್ನು ಪೂರ್ತಿ ವಹಿಸಿಕೊಳ್ಳಲಿ. ಬರಲಾಗದವರು ಸಹಾಯಕರ ಸಂಬಳ ಕೊಡಲಿ, ಮತ್ತು ಅದನ್ನು ಉಪಕಾರವೆಂದು ಹೇಳಿಕೊಳ್ಳದಿರಲಿ.

ಸಹಾಯಕ್ಕೆ ದೂರದ ಊರಿನಿಂದ ಕರೆಸಿದವರು ಮಳೆಗೆ, ಜಿಗಣೆಗೆ, ಸಿಗ್ನಲ್ಲಿಲ್ಲದ ಮೊಬೈಲಿಗೆ ಹೆದರಿ ಹದಿನೈದೇ ದಿನದಲ್ಲಿ ಹೊರಟುಹೋದದ್ದನ್ನು ನಾನು ಕಂಡಿದ್ದೇನೆ. ಅಮ್ಮನ ಮುಖಪರಿಚಯವಿರುವ, ತೋಟದ ಕೆಲಸದವರು ಇರುವ ಪಕ್ಕದ ಲೈನ್ ಮನೆಯ ಹೆಂಗಸೊಬ್ಬರು ದಿನಕ್ಕೆ ಮೂರು ಗಂಟೆ ಬಂದು ಕುಳಿತರೂ ಸಾಕಾಗುತ್ತದೆ. ಆದರೆ ಕೊಯ್ಲಿನಲ್ಲಿ ಅವರ ಕೂಲಿ ಕಿಲೋ ಲೆಕ್ಕದ್ದು. ಚುರುಕಾಗಿ ಕೊಯ್ಯುವವರು ತಮ್ಮ ಸಂಪಾದನೆ ಬಿಟ್ಟು ಮಾಮೂಲಿ ದಿನಗೂಲಿಗೆ ನಿಮ್ಮ ಮನೆಯಲ್ಲಿ ಏಕೆ ಕುಳಿತಾರು? ಆ ನಷ್ಟವನ್ನು ತುಂಬಿಕೊಡುವ ಮಾತನ್ನು ಮೊದಲೇ ಆಡಿಬಿಡಿ.

ಹೊಣೆ ಒಪ್ಪಿಸುವುದನ್ನೂ ಅಭ್ಯಾಸ ಮಾಡಬೇಕಾಗುತ್ತದೆ. ಮೊದಲ ಸಲ ನೀವು ಮನೆಯಲ್ಲೇ ಇದ್ದು ಎರಡು ಗಂಟೆ ಕೈಹಾಕದೆ ಇರಿ. ಮುಂದಿನ ಸಲ ತೋಟದವರೆಗೆ ಹೋಗಿ. ಆಮೇಲೆ ಒಂದು ರಾತ್ರಿ. ಹಾಸಿಗೆ ಹಿಡಿದವರಾದರೆ ಹೊರಳಿಸುವುದನ್ನು, ಜಾರಿದವರನ್ನು ದಿಂಬಿನ ಕಡೆಗೆ ಸರಿಸುವುದನ್ನು ಕೈಯಾರೆ ತೋರಿಸಿಕೊಡಿ. ಭುಜದಿಂದ ತೊಡೆಯವರೆಗೆ ಬರುವಂತೆ ಮಡಿಸಿದ ಬೆಡ್‌ಶೀಟನ್ನು ಮೈಕೆಳಗೆ ಹಾಸಿ, ಇಬ್ಬರು ಎರಡು ಬದಿಯಲ್ಲಿ ನಿಂತು ಮಂಡಿ ಬಗ್ಗಿಸಿ, ಬಟ್ಟೆಯನ್ನು ಹಿಡಿದು ಮೇಲಕ್ಕೆ ಸರಿಸಬೇಕು. ಕಂಕುಳಿಗೆ ಕೈಕೊಟ್ಟು ಎಳೆದರೆ ಅವರ ಭುಜಕ್ಕೂ ನಿಮ್ಮ ಬೆನ್ನಿಗೂ ಕೇಡು. ಒತ್ತಡದ ಹುಣ್ಣಾಗದಂತೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಳುತ್ತಾರೆ. ಗಾಳಿಹಾಸಿಗೆ ಇದ್ದಲ್ಲಿ ರಾತ್ರಿ ಈ ಅಂತರವನ್ನು ಹೆಚ್ಚಿಸಬಹುದೇ ಎಂದು ವೈದ್ಯರನ್ನು ಕೇಳಿ, ಏಕೆಂದರೆ ನಿಮ್ಮ ನಿದ್ರೆ ಅದರ ಮೇಲೆ ನಿಂತಿದೆ. ಮಳೆಗಾಲಕ್ಕೆ ತೆಳುವಾದ ಹತ್ತಿಯ ಹಾಸುಗಳನ್ನು ಎಂಟು ಹತ್ತಾದರೂ ಇಟ್ಟುಕೊಳ್ಳಿ. ದಪ್ಪನೆಯದನ್ನು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮೂರು ದಿನ ನೇತುಹಾಕಿದರೂ ಹೊಗೆ ವಾಸನೆ ಬರುತ್ತದೆಯೇ ಹೊರತು ಅದು ಒಣಗುವುದಿಲ್ಲ.

ಸಿಕ್ಕ ಬಿಡುವಿನಲ್ಲಿ ಮೊದಲು ನಿದ್ರೆ ಮಾಡಿ. ವಿರಾಜಪೇಟೆಯಲ್ಲಿ ಮದುವೆಯಿದೆ, ಹೋಗಿ ಬಾ ಎನ್ನುವವರಿರುತ್ತಾರೆ. ಅಲ್ಲಿ ಸಿಕ್ಕವರಿಗೆಲ್ಲ ಅಮ್ಮ ಹೇಗಿದ್ದಾರೆಂದು ವರದಿ ಒಪ್ಪಿಸಿ ಬರುವುದನ್ನು ನಾನು ವಿಶ್ರಾಂತಿ ಎನ್ನಲಾರೆ. ಕಳೆದ ಕೊಯ್ಲಿನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅಮ್ಮ, ಆಳುಗಳು ಬಂದಿದ್ದಾರೆಂದು ಬಾಗಿಲ ಚಿಲಕ ತೆಗೆಯುತ್ತಿದ್ದಾಗ ನಾನು ಕಿರುಚಿದೆ. ಅವರು ಗೋಡೆಗೆ ಒರಗಿ ನಿಂತುಬಿಟ್ಟರು. ಆ ವಾರ ನಾನು ಯಾವ ರಾತ್ರಿಯೂ ಮೂರು ಗಂಟೆಗಿಂತ ಹೆಚ್ಚು ಮಲಗಿರಲಿಲ್ಲ. ಸಣ್ಣದಕ್ಕೂ ಹೀಗೆ ಸಿಟ್ಟು ಬರತೊಡಗಿದರೆ, ಅಥವಾ ಏನೂ ಬೇಡವೆನಿಸಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಿರಿಯರಿಗೆ ಸಿಗುವ ಸೌಲಭ್ಯಗಳ ಮಾಹಿತಿಗೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕು ತಂದೆತಾಯಿಗೆ ಇದೆಯಾದರೂ, ಸರದಿಯ ರಾತ್ರಿಗೆ ತಮ್ಮನನ್ನು ಕರೆತರುವ ಕಲಮು ಅದರಲ್ಲಿಲ್ಲ. ಆ ಕೆಲಸ ಹುತ್ತರಿಯ ಊಟದ ಹೊತ್ತಿನಲ್ಲೇ ಆಗಬೇಕು.

ಮರಳಿ ಬಂದಾಗ ತಪ್ಪು ಹುಡುಕಬೇಡಿ, ಹುಡುಕಿದರೆ ಮುಂದಿನ ಸಲ ಅವರು ಬರುವುದಿಲ್ಲ. ಮಾತ್ರೆ ಮತ್ತು ಊಟ ಸರಿಯಾಗಿದೆಯೇ, ಮೈಮೇಲೆ ಗಾಯವಿದೆಯೇ, ಇಷ್ಟನ್ನು ಮಾತ್ರ ನೋಡಿ. ಐದು ದಿನಗಳ ನಂತರ ನಾನು ಮೆಟ್ಟಿಲು ಹತ್ತಿದಾಗ ಅಮ್ಮ ಜಗಲಿಯಲ್ಲಿ ಕುಳಿತಿದ್ದರು. ನನ್ನ ತಮ್ಮ ಅವರಿಗೆ ಶಾಲೆಗೆ ಹೋಗುವ ಹುಡುಗಿಯಂತೆ ಎರಡು ಜಡೆ ಹಾಕಿ, ಒಂದಕ್ಕೆ ರಬ್ಬರ್‌ಬ್ಯಾಂಡು, ಇನ್ನೊಂದಕ್ಕೆ ಕಾಫಿ ಚೀಲದ ದಾರ ಕಟ್ಟಿದ್ದ. ನಾನು ಅದನ್ನು ಬಿಚ್ಚಲು ಹೋಗಲಿಲ್ಲ.