ಲೋಗೋ ಮೇಲೇ ನಿಂತ ಹಳೆ ಸ್ಯಾಮ್‌ಸಂಗ್ ಟ್ಯಾಬ್‌ಗೆ ಸಾಫ್ಟ್‌ವೇರ್ ಹಾಕುವುದು ಹೇಗೆ

ತಿಪಟೂರಿನ ನಮ್ಮ ರಿಪೇರಿ ಅಂಗಡಿಗೆ ಬರುವ ಹಳೆ ಟ್ಯಾಬ್‌ಗಳಲ್ಲಿ ಗ್ಯಾಲಕ್ಸಿ ಟ್ಯಾಬ್ ಎ ಜಾಸ್ತಿ. 2015ರ ಎಂಟು ಇಂಚಿನದು, ಕೆಳಗೆ ಹೋಮ್ ಬಟನ್ ಇರುವುದು. ಆನ್ ಮಾಡಿದರೆ ಲೋಗೋ ಬರುತ್ತದೆ, ಅಲ್ಲೇ ನಿಲ್ಲುತ್ತದೆ. 'ಡೆಡ್ ಆಗಿದೆ, ಗುಜರಿಗೆ ಹಾಕಿ' ಅಂತ ಯಾರೋ ಹೇಳಿ ಕಳಿಸಿರುತ್ತಾರೆ. ಲೋಗೋ ಬರುವ ಟ್ಯಾಬ್ ಡೆಡ್ ಅಲ್ಲ. ಮಕ್ಕಳ ಪಾಠದ ವಿಡಿಯೊ ನೋಡಲು, ಪಿಡಿಎಫ್ ಓದಲು ಅದು ಇನ್ನೂ ಸಾಕು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಸಿಮ್, ಮೆಮೊರಿ ಕಾರ್ಡ್ ತೆಗೆದಿಡಿ. ಚೆನ್ನಾಗಿ ಚಾರ್ಜ್ ಮಾಡಿ, ಅರ್ಧಕ್ಕಿಂತ ಕಡಿಮೆ ಇದ್ದರೆ ಕೆಲಸ ಶುರು ಮಾಡಬೇಡಿ. ಆಮೇಲೆ ಆಫ್ ಮಾಡಿ ವಾಲ್ಯೂಮ್ ಅಪ್, ಹೋಮ್, ಪವರ್ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ರಿಕವರಿ ಮೆನು ಬರುತ್ತದೆ. ಅದರಲ್ಲಿ 'ವೈಪ್ ಕ್ಯಾಶ್ ಪಾರ್ಟಿಷನ್' ಕೊಟ್ಟು ರೀಬೂಟ್ ಮಾಡಿ ನೋಡಿ. ಫೋಟೊ, ಫೈಲು ಏನೂ ಹೋಗುವುದಿಲ್ಲ. ಕೆಲವು ಸೆಟ್ ಇಷ್ಟಕ್ಕೇ ಏಳುತ್ತವೆ. ಏಳಲಿಲ್ಲ ಅಂದರೆ ಫ್ಯಾಕ್ಟರಿ ರೀಸೆಟ್, ಆದರೆ ಅದರಲ್ಲಿ ಒಳಗಿರುವುದೆಲ್ಲ ಅಳಿಸಿ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಫರ್ಮ್‌ವೇರ್, ಅಂದರೆ ಟ್ಯಾಬ್ ನಡೆಸುವ ಮೂಲ ಸಾಫ್ಟ್‌ವೇರ್, ಹೊಸದಾಗಿ ಹಾಕಬೇಕು.

ಇಲ್ಲಿ ಅವಸರ ಮಾಡಲೇಬೇಡಿ. ಮಾದರಿ ಸಂಖ್ಯೆ ಒಂದೊಂದೇ ಅಕ್ಷರ ಓದಿ. ಎಸ್‌ಎಂ-ಟಿ355 ಬೇರೆ, ಎಸ್‌ಎಂ-ಟಿ355ವೈ ಬೇರೆ. ಕೊನೆಯ ಆ ಒಂದು 'ವೈ' ಬಿಟ್ಟು ಫೈಲ್ ಇಳಿಸಿಕೊಂಡರೆ ಕೆಲಸ ಕೆಡುತ್ತದೆ. ಟ್ಯಾಬ್ ಬೆನ್ನ ಮೇಲಿನ ಬರಹ ಸವೆದಿದ್ದರೂ ಚಿಂತೆಯಿಲ್ಲ. ಟ್ಯಾಬ್ ಆಫ್ ಮಾಡಿ, ವಾಲ್ಯೂಮ್ ಡೌನ್, ಹೋಮ್, ಪವರ್ ಒತ್ತಿ ಹಿಡಿಯಿರಿ. ಎಚ್ಚರಿಕೆ ಬಂದಾಗ ವಾಲ್ಯೂಮ್ ಅಪ್ ಒತ್ತಿದರೆ ಡೌನ್‌ಲೋಡ್ ಮೋಡ್, ಅಂದರೆ ಕಂಪ್ಯೂಟರ್‌ನಿಂದ ಫರ್ಮ್‌ವೇರ್ ತೆಗೆದುಕೊಳ್ಳುವ ಪರದೆ ಬರುತ್ತದೆ. ಅದರ ಎಡ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಪ್ರಾಡಕ್ಟ್ ನೇಮ್' ಅಂತ ಇರುತ್ತದೆ. ನಾನು ನಂಬುವುದು ಅದನ್ನೇ. ಬ್ಯಾಕ್ ಕವರ್ ಯಾರು ಯಾವಾಗ ಬದಲಿಸಿದ್ದಾರೋ ಯಾರಿಗೆ ಗೊತ್ತು?

ಫರ್ಮ್‌ವೇರ್ ಹೆಸರಿನ ಕೊನೆಯ ಐದು ಅಕ್ಷರವನ್ನೂ ನೋಡಿ. ಅದರಲ್ಲಿ ಮೊದಲನೆಯದು ಬೂಟ್‌ಲೋಡರ್ (ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ಅಂಕೆ. ಟ್ಯಾಬ್‌ನಲ್ಲಿ ಈಗಾಗಲೇ 2 ಇದ್ದರೆ 1 ಇರುವ ಫೈಲನ್ನು ಅದು ಒಪ್ಪುವುದಿಲ್ಲ, 'ಎಸ್‌ಡಬ್ಲ್ಯು ರೆವ್ ಚೆಕ್ ಫೇಲ್' ಅನ್ನುತ್ತದೆ. ಐದರಲ್ಲಿ ಮೂರನೆಯದು ವರ್ಷ: ಪಿ ಅಂದರೆ 2016, ಕ್ಯೂ 2017, ಆರ್ 2018. ಸಿಕ್ಕಿದ್ದರಲ್ಲಿ ಹೊಸದನ್ನೇ ಇಳಿಸಿಕೊಳ್ಳಿ. ಭಾರತದ ಸೆಟ್‌ಗೆ ಪ್ರದೇಶದ ಕೋಡ್ ಐಎನ್‌ಎಸ್.

ಇನ್ನು ಕಂಪ್ಯೂಟರ್. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮಧ್ಯೆ ಕರೆಂಟ್ ಹೋದರೆ ಕಷ್ಟ. ಸ್ಯಾಮ್‌ಸಂಗ್ ಯುಎಸ್‌ಬಿ ಡ್ರೈವರ್ ಹಾಕಿ, ಓಡಿನ್ ತೆರೆಯಿರಿ. ಸ್ಯಾಮ್‌ಸಂಗ್ ಸೆಟ್‌ಗೆ ಫರ್ಮ್‌ವೇರ್ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಇದು. ಡೌನ್‌ಲೋಡ್ ಮೋಡ್‌ನಲ್ಲಿರುವ ಟ್ಯಾಬ್ ಸಿಕ್ಕಿಸಿದ ಕೂಡಲೇ ಒಂದು ಚೌಕ ನೀಲಿಯಾಗಿ, ಕೆಳಗೆ 'ಆಡೆಡ್' ಅಂತ ಬರಬೇಕು. ಬರಲಿಲ್ಲವಾ? ಕೇಬಲ್ ಬದಲಿಸಿ. ಅಗ್ಗದ ಎಷ್ಟೋ ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿಯೇ ಇರುವುದಿಲ್ಲ.

ಇಳಿಸಿಕೊಂಡ ಫರ್ಮ್‌ವೇರ್ ಝಿಪ್ ಬಿಚ್ಚಿದಾಗ ಒಂದೇ ಫೈಲ್ ಇದ್ದರೆ ಓಡಿನ್‌ನಲ್ಲಿ ಅದನ್ನು 'ಎಪಿ' ಜಾಗಕ್ಕೆ ಕೊಡಿ. ನಾಲ್ಕು ಇದ್ದರೆ ಹೆಸರಿನ ಮುಂದೆ ಬರೆದಿರುವ ಬಿಎಲ್, ಎಪಿ, ಸಿಪಿ, ಸಿಎಸ್‌ಸಿ ನೋಡಿ ಅದದರ ಜಾಗಕ್ಕೆ. ಎಪಿ ಕೊಟ್ಟಾಗ ಓಡಿನ್ ಸ್ವಲ್ಪ ಹೊತ್ತು ಹ್ಯಾಂಗ್ ಆದ ಹಾಗೆ ಕಾಣುತ್ತದೆ. ದೊಡ್ಡ ಫೈಲು ಸರಿಯಿದೆಯಾ ಅಂತ ಪರೀಕ್ಷೆ ಮಾಡುತ್ತಿರುತ್ತದೆ, ಸುಮ್ನೆ ಬಿಟ್ಟುಬಿಡಿ. ಆಪ್ಷನ್‌ನಲ್ಲಿ 'ಆಟೊ ರೀಬೂಟ್', 'ಎಫ್ ರೀಸೆಟ್ ಟೈಮ್' ಎರಡೇ ಟಿಕ್ ಇರಲಿ. 'ರೀ-ಪಾರ್ಟಿಷನ್' ಕಡೆ ಕೈ ಹಾಕಬೇಡಿ. ಸ್ಟಾರ್ಟ್ ಒತ್ತಿದ ಮೇಲೆ ಕೇಬಲ್ ಅಲುಗಾಡಿಸಬೇಡಿ. ಹಸಿರು 'ಪಾಸ್' ಬಂದು ಟ್ಯಾಬ್ ತಾನೇ ರೀಬೂಟ್ ಆಗುತ್ತದೆ. ಮೊದಲ ಸಲ ಲೋಗೋ ತುಂಬಾ ಹೊತ್ತು ಇರುತ್ತದೆ, ಕಾಯಿರಿ. ಕಾದರೂ ಏಳದಿದ್ದರೆ ರಿಕವರಿಗೆ ಹೋಗಿ ಇನ್ನೊಮ್ಮೆ ಫ್ಯಾಕ್ಟರಿ ರೀಸೆಟ್ ಕೊಡಿ.

ಎದ್ದ ಮೇಲೆ ಹಳೆಯ ಗೂಗಲ್ ಖಾತೆ ಕೇಳಬಹುದು. ಕಳ್ಳತನ ತಡೆಯಲು ಇರುವ ಬೀಗ ಅದು, ಹೀಗೆ ಫರ್ಮ್‌ವೇರ್ ಹಾಕಿದರೂ ಹೋಗುವುದಿಲ್ಲ. ಹಾಗಾಗಿ ಜಿಮೇಲ್, ಪಾಸ್‌ವರ್ಡ್ ಮೊದಲೇ ಹುಡುಕಿಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರೆ ಮಾರಿದವರನ್ನೇ ಕೇಳಬೇಕು.

'ನ್ಯಾಂಡ್ ರೈಟ್ ಸ್ಟಾರ್ಟ್' ಅಂತ ಬಂದು ಕೆಂಪು 'ಫೇಲ್' ಆಯಿತು ಅನ್ನಿ. ಬೇರೆ ಕೇಬಲ್, ಬೇರೆ ಪೋರ್ಟ್, ಬೇರೆ ಕಂಪ್ಯೂಟರ್ ನೋಡಿ. ಸರಿಯಾದ ಫೈಲ್ ಇದ್ದೂ ಎಲ್ಲ ಕಡೆ ಅಲ್ಲೇ ನಿಂತರೆ ಒಳಗಿನ ಮೆಮೊರಿ ಚಿಪ್ ಹೋಗಿರುವ ಸಾಧ್ಯತೆ ಹೆಚ್ಚು. ಅಂಥ ಸೆಟ್‌ಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಚಿಪ್ ಬದಲಿಸುವ ಖರ್ಚಿಗೆ ಈ ಹಳೆ ಟ್ಯಾಬ್ ತೂಗುವುದಿಲ್ಲ ಅಂತ ಹೇಳಿ ವಾಪಸ್ ಕೊಡುತ್ತೇನೆ.