ಕೊಬ್ಬಿನಿಂದ ಮೂಳೆಯ ಕಡೆಗೆ: ಪ್ರಯೋಗಾಲಯದಲ್ಲಿ ನನ್ನ ಅನುಭವ

ಲಿಪೋಸಕ್ಷನ್ (ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ) ಮುಗಿದ ಮೇಲೆ ಹೊರತೆಗೆದ ಕೊಬ್ಬು ಸಾಮಾನ್ಯವಾಗಿ ಆಸ್ಪತ್ರೆಯ ತ್ಯಾಜ್ಯದೊಂದಿಗೆ ಹೋಗುತ್ತದೆ. ರೋಗಿಯ ಲಿಖಿತ ಒಪ್ಪಿಗೆಯೂ ನೈತಿಕ ಸಮಿತಿಯ ಅನುಮತಿಯೂ ದೊರೆತಾಗ ಅದೇ ಕೊಬ್ಬು ನನ್ನ ಮೇಜಿಗೆ ಬರುತ್ತದೆ. ಮೂಳೆ ಬೆಳೆಸಲು ಬೇಕಾದ ಆಕರಕೋಶಗಳನ್ನು (ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕೋಶಗಳು) ಬಹುಕಾಲ ಅಸ್ಥಿಮಜ್ಜೆಯಿಂದಲೇ ಪಡೆಯಲಾಗುತ್ತಿತ್ತು. ಮಜ್ಜೆಯನ್ನು ತೆಗೆಸಿಕೊಳ್ಳುವುದು ನೋವಿನ ಕೆಲಸ, ದೊರೆಯುವ ಕೋಶಗಳೂ ವಿರಳ. ಕೊಬ್ಬಿನಲ್ಲಿಯೂ ಇಂತಹ ಕೋಶಗಳಿವೆ, ಅವು ಮೂಳೆ, ಮೃದ್ವಸ್ಥಿ, ಸ್ನಾಯುಗಳ ಲಕ್ಷಣಗಳನ್ನು ತಳೆಯಬಲ್ಲವು ಎಂದು ಸಂಶೋಧಕಿ ಪೆಟ್ರೀಷಿಯಾ ಜುಕ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಮೇಲೆ ಈ ದಾರಿ ತೆರೆದುಕೊಂಡಿತು.

ಕೊಬ್ಬನ್ನು ಮೊದಲು ಲವಣದ್ರಾವಣದಲ್ಲಿ, ರಕ್ತದ ಕೆಂಪು ಹೋಗುವವರೆಗೆ, ಮತ್ತೆ ಮತ್ತೆ ತೊಳೆಯುತ್ತೇನೆ. ಅನಂತರ ಕೋಶಗಳನ್ನು ಹಿಡಿದಿಡುವ ಜಾಲವನ್ನು ಕರಗಿಸುವ ಕೊಲಾಜಿನೇಸ್ ಎಂಬ ಕಿಣ್ವವನ್ನು ಬೆರೆಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತಾ ಇಡುತ್ತೇನೆ. ಇಲ್ಲಿ ಗಡಿಯಾರಕ್ಕಿಂತ ಕಣ್ಣನ್ನೇ ಹೆಚ್ಚು ನಂಬುತ್ತೇನೆ, ಏಕೆಂದರೆ ಒಬ್ಬರ ಕೊಬ್ಬಿನಂತೆ ಇನ್ನೊಬ್ಬರದು ಕರಗುವುದಿಲ್ಲ. ಬೇಗ ನಿಲ್ಲಿಸಿದರೆ ಕೋಶಗಳು ಬಿಡಿಯಾಗುವುದಿಲ್ಲ, ತಡಮಾಡಿದರೆ ಸಾಯತೊಡಗುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ, ಮಜ್ಜಿಗೆ ಕಡೆದಾಗ ಬೆಣ್ಣೆ ಮೇಲೇರುವಂತೆ, ಕೊಬ್ಬು ತುಂಬಿದ ಕೋಶಗಳು ಮೇಲೆ ತೇಲುತ್ತವೆ. ನಮಗೆ ಬೇಕಾದವು ತಳದಲ್ಲಿ ಕುಳಿತ ಸಣ್ಣ ಗಸಿಯಲ್ಲಿವೆ. ಕೆಂಪು ರಕ್ತಕಣಗಳನ್ನು ಒಡೆದು, ಸೋಸಿ, ಉಳಿದವನ್ನು ಪ್ಲಾಸ್ಟಿಕ್ ಫ್ಲಾಸ್ಕಿಗೆ ಹಾಕಿದರೆ, ಆಕರಕೋಶಗಳು ತಳಕ್ಕೆ ಅಂಟಿಕೊಂಡು ಕದಿರಿನಾಕಾರದಲ್ಲಿ ಹರಡುತ್ತವೆ. ಇಂತಹ ಆಕರಕೋಶಗಳ ಮೇಲ್ಮೈಯಲ್ಲಿರುವ ಸಿಡಿ73, ಸಿಡಿ90, ಸಿಡಿ105 ಎಂಬ ಪ್ರೋಟೀನು ಗುರುತುಗಳಿವೆಯೇ, ರಕ್ತದ ಬಿಳಿಕೋಶಗಳ ಗುರುತಾದ ಸಿಡಿ45 ಇಲ್ಲವೇ ಎಂದು ಪರೀಕ್ಷಿಸಿದ ಬಳಿಕವಷ್ಟೇ ಮುಂದಿನ ಹೆಜ್ಜೆ.

ಮೂಳೆಯತ್ತ ತಿರುಗಿಸಲು ಪೋಷಕ ದ್ರಾವಣಕ್ಕೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ವಿಟಮಿನ್ ಸಿ ಮೂಲದ ಆಸ್ಕಾರ್ಬೇಟ್ ಮತ್ತು ಫಾಸ್ಫೇಟ್ ಒದಗಿಸುವ ಬೀಟಾ ಗ್ಲಿಸರೋಫಾಸ್ಫೇಟ್ ಸೇರಿಸುತ್ತೇನೆ. ಸುಮಾರು 21 ದಿನಗಳ ನಂತರ ಅಲಿಜರಿನ್ ರೆಡ್ ಬಣ್ಣ ಹಾಕಿದಾಗ ಕ್ಯಾಲ್ಸಿಯಂ ಸಂಗ್ರಹವಾದ ಕಡೆಯೆಲ್ಲ ಕೆಂಪಾಗುತ್ತದೆ. ನೋಡಲು ಬಹಳ ಸುಂದರ, ಆದರೆ ಕಿರಿಯ ಸಂಶೋಧಕರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಕೆಂಪಾದದ್ದೆಲ್ಲ ಮೂಳೆಯಲ್ಲ. ಫಾಸ್ಫೇಟ್ ಹೆಚ್ಚಾದರೆ, ಅಥವಾ ಕೋಶಗಳು ಸತ್ತರೆ, ಕ್ಯಾಲ್ಸಿಯಂ ಲವಣ ತಾನಾಗಿಯೇ ಕೂರಬಹುದು. ಆದ್ದರಿಂದ ಪ್ರಚೋದಕಗಳಿಲ್ಲದ ಫ್ಲಾಸ್ಕನ್ನೂ ಕೋಶಗಳೇ ಇಲ್ಲದ ಫ್ಲಾಸ್ಕನ್ನೂ ಜೊತೆಯಲ್ಲಿ ಇಟ್ಟು, ಮೂಳೆ ಕಟ್ಟುವ ಕೋಶಗಳ ಗುರುತುಗಳಾದ ಆಲ್ಕಲೈನ್ ಫಾಸ್ಫಟೇಸ್ ಕಿಣ್ವದ ಚಟುವಟಿಕೆ, ರನ್ಎಕ್ಸ್2 ಜೀನು, ಆಸ್ಟಿಯೋಕ್ಯಾಲ್ಸಿನ್ ಪ್ರೋಟೀನು ಇವೆಲ್ಲವೂ ಒಂದೇ ಮಾತನ್ನು ಹೇಳುತ್ತವೆಯೇ ಎಂದು ನೋಡಲೇಬೇಕು.

ಮೂಳೆಯಲ್ಲಿ ಉಂಟಾದ ದೊಡ್ಡ ಕೊರತೆಯನ್ನು ತುಂಬಲು ಕೋಶಗಳಷ್ಟೇ ಸಾಲವು. ಮೂಳೆಯ ಖನಿಜವನ್ನು ಹೋಲುವ ಹೈಡ್ರಾಕ್ಸಿಅಪಟೈಟ್ ಅಥವಾ ಟ್ರೈಕ್ಯಾಲ್ಸಿಯಂ ಫಾಸ್ಫೇಟಿನ ರಂಧ್ರಯುಕ್ತ ಹಂದರದ ಮೇಲೆ ಅವನ್ನು ಕೂರಿಸುತ್ತೇವೆ. ಹಂದರದ ಅಂಚಿನಲ್ಲಿ ಕೋಶಗಳು ಚೆನ್ನಾಗಿರುತ್ತವೆ, ನಡುವೆ ಸೊರಗುತ್ತವೆ. ರಕ್ತನಾಳದಿಂದ ನೂರಿನ್ನೂರು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದೂರ ಹೋದರೆ ಆಮ್ಲಜನಕ ಸಾಲದು. ನನ್ನ ಅಭಿಪ್ರಾಯದಲ್ಲಿ ಈ ಕ್ಷೇತ್ರದ ನಿಜವಾದ ಕಠಿಣ ಪ್ರಶ್ನೆ ರಕ್ತನಾಳಗಳದ್ದೇ.

ಮನುಷ್ಯರಲ್ಲಿ ಇದರ ಬಳಕೆ ನಡೆದಿಲ್ಲವೆಂದಲ್ಲ. ಜರ್ಮನಿಯಲ್ಲಿ ತಲೆಬುರುಡೆಗೆ ತೀವ್ರ ಗಾಯವಾಗಿದ್ದ 7 ವರ್ಷದ ಬಾಲಕಿಗೆ ಅವಳದೇ ಕೊಬ್ಬಿನ ಕೋಶಗಳನ್ನು ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು) ಅಂಟಿನೊಂದಿಗೆ ಬಳಸಿದ ವರದಿ 2004ರಲ್ಲಿ ಬಂತು. 3 ತಿಂಗಳ ನಂತರದ ಸಿಟಿ ಸ್ಕ್ಯಾನಿನಲ್ಲಿ ಹೊಸ ಮೂಳೆ ಕಂಡಿತು. ಆದರೆ ಅವಳ ಸೊಂಟದ ಮೂಳೆಯ ಚೂರುಗಳನ್ನೂ ಜೊತೆಗೆ ಇಟ್ಟಿದ್ದರಿಂದ, ಅದರಲ್ಲಿ ಕೋಶಗಳ ಪಾಲೆಷ್ಟು ಎಂದು ಆ ಒಂದು ಪ್ರಕರಣದಿಂದ ಬೇರ್ಪಡಿಸಿ ಹೇಳಲಾಗದು.

ಮುರಿದು ಮತ್ತೆ ಕೂಡಿಕೊಳ್ಳದ ಮೂಳೆಯ ಎಕ್ಸ್‌ರೇ ಹಿಡಿದು ಬಂದು, "ಡಾಕ್ಟ್ರೇ, ನನ್ನ ಕೊಬ್ಬಿನಿಂದಲೇ ಇದನ್ನು ಸರಿಮಾಡಬಹುದಂತಲ್ಲ?" ಎಂದು ಕೇಳುವವರಿದ್ದಾರೆ. ಭಾರತದಲ್ಲಿ 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಇಂತಹ ಕೋಶಗಳನ್ನು ಅನುಮೋದಿತ ಕ್ಲಿನಿಕಲ್ ಪ್ರಯೋಗದ ಹೊರಗೆ ರೋಗಿಗೆ ಕೊಡುವಂತಿಲ್ಲ ಎಂದು ಅವರಿಗೆ ತಿಳಿಸುತ್ತೇನೆ. ಯಾರಾದರೂ ಇದಕ್ಕೆ ಹಣ ಕೇಳಿದರೆ, ಪ್ರಯೋಗದ ನೋಂದಣಿ ಸಂಖ್ಯೆಯನ್ನೂ ನೈತಿಕ ಸಮಿತಿಯ ಅನುಮತಿಪತ್ರವನ್ನೂ ಮೊದಲು ತೋರಿಸಲು ಹೇಳಿ ಎನ್ನುತ್ತೇನೆ. ಅದುವರೆಗೆ ಮೂಳೆತಜ್ಞರು ಸೂಚಿಸಿದ ಮೂಳೆಕಸಿಯನ್ನು ಮುಂದೂಡಬೇಡಿ ಎಂದೂ ಕೇಳಿಕೊಳ್ಳುತ್ತೇನೆ.